ಹಳೆಯ ರೈಫಲ್ಲಿಗೆ ನ್ಯಾಯವಾದ ಬೆಲೆ

ಮಲೆನಾಡಿನ ತೋಟದ ಮನೆಗಳಲ್ಲಿ ಕೋವಿ ಇರುವುದು ಹೊಸ ಸಂಗತಿಯಲ್ಲ. ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು, ಅತ್ತ ಸಕಲೇಶಪುರದ ಕಡೆಯ ಎಷ್ಟೋ ಮನೆಗಳಲ್ಲಿ ಒಂಟಿ ನಳಿಗೆಯದೋ ಜೋಡು ನಳಿಗೆಯದೋ ಒಂದು ತೋಟಾ ಕೋವಿ ಹಿರಿಯರ ಕಾಲದಿಂದ ಲೈಸೆನ್ಸಿನ ಸಮೇತ ನಡೆದುಕೊಂಡು ಬಂದಿರುತ್ತದೆ. ಆಯುಧ ಪೂಜೆಯ ದಿನ ಅದಕ್ಕೆ ಹೂವು, ಕುಂಕುಮ ಏರುತ್ತದೆ. ಚುನಾವಣೆ ಘೋಷಣೆಯಾದರೆ ಠಾಣೆಗೆ ಹೋಗಿ, ಎಲ್ಲ ಮುಗಿದ ಮೇಲೆ ಮನೆಗೆ ಮರಳುತ್ತದೆ. ರೈಫಲ್, ಅಂದರೆ ನಳಿಗೆಯೊಳಗೆ ತಿರುಪಿನಂಥ ಗೀರುಗಳಿದ್ದು ಒಂಟಿ ಗುಂಡು ಹಾರಿಸುವ ಕೋವಿ, ಇರುವ ಮನೆಗಳು ಇದಕ್ಕಿಂತ ಬಹಳ ಕಡಿಮೆ. ಆ ಕಡಿಮೆ ಮನೆಗಳಲ್ಲೂ ಈಗ ಒಂದು ತಲೆಮಾರು ಸರಿಯುತ್ತಿದೆ. ಲೈಸೆನ್ಸು ಹೊಂದಿದ್ದ ಹಿರಿಯರು ತೀರಿಕೊಂಡಿರುತ್ತಾರೆ, ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು ತಮಗೆ ಕೋವಿಯ ಹಂಗೇ ಬೇಡವೆನ್ನುತ್ತಾರೆ, ಕೊನೆಗೆ ಆ ರೈಫಲ್ಲನ್ನು ಎಷ್ಟಕ್ಕೆ ಕೊಡಬೇಕು ಎಂಬ ಪ್ರಶ್ನೆ ಅದನ್ನು ಎಂದೂ ಕೈಯಲ್ಲಿ ಹಿಡಿಯದವರ ತಲೆಯ ಮೇಲೆ ಬೀಳುತ್ತದೆ.

ಈ ಪ್ರಶ್ನೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಬೆಲೆ ಹೇಳುವವನಿಗೆ ವಸ್ತುವಿನ ಒಳಹೊರಗೆಲ್ಲ ಗೊತ್ತಿರುತ್ತದೆ, ಕೇಳಿಸಿಕೊಳ್ಳುವವರಿಗೆ ಏನೂ ಗೊತ್ತಿರುವುದಿಲ್ಲ. ಅನ್ಯಾಯ ಹುಟ್ಟುವುದು ಅಲ್ಲಿಯೇ. ಕೊಳ್ಳುವವನಿಗೆ ತಿಳಿದಷ್ಟೇ ಮಾರುವವರಿಗೂ ತಿಳಿದಿದ್ದರೆ ಯಾವ ಅಂಕಿಯಲ್ಲಿ ಇಬ್ಬರೂ ಒಪ್ಪುತ್ತಿದ್ದರೋ ಅದನ್ನೇ ನಾನು ನ್ಯಾಯವಾದ ಬೆಲೆ ಎನ್ನುತ್ತೇನೆ. ಹಾಗಾಗಿ ಬೆಲೆ ಕಟ್ಟುವ ಕೆಲಸವೆಂದರೆ ಮೊದಲು ವಸ್ತುವನ್ನು ಬಿಡಿಸಿ ನೋಡುವುದು, ನೋಡಿದ್ದನ್ನು ಎರಡೂ ಕಡೆಯವರ ಎದುರಿಗೆ ಬರೆದಿಡುವುದು. ಅಂಕಿ ಆಮೇಲೆ ಬರುತ್ತದೆ.

ನಮ್ಮ ಪಕ್ಕದ ತೋಟದ ದೊಡ್ಡಮ್ಮ ತಮ್ಮ ಯಜಮಾನರ ರೈಫಲ್ಲಿನ ವಿಷಯಕ್ಕೆ ನನ್ನನ್ನು ಕರೆಸಿದ್ದರು. ಲೈಸೆನ್ಸುದಾರರು ತೀರಿಕೊಂಡ ಮೇಲೆ ಆಯುಧವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ಮನೆಯವರಿಗೆ ತಾನಾಗಿ ಬರುವುದಿಲ್ಲ. 1959ರ ಆಯುಧ ಕಾಯ್ದೆಯ 21ನೆಯ ಸೆಕ್ಷನ್ನಿನಂತೆ ಅದನ್ನು ತಡಮಾಡದೆ ಠಾಣೆಯಲ್ಲೋ ಪರವಾನಗಿ ಪಡೆದ ಆಯುಧ ವ್ಯಾಪಾರಿಯಲ್ಲೋ ಠೇವಣಿ ಇಡಬೇಕು. ಅವರು ಹಾಗೆಯೇ ವ್ಯಾಪಾರಿಯಲ್ಲಿ ಇಟ್ಟು ರಸೀದಿ ಪಡೆದಿದ್ದರು. ಆ ವ್ಯಾಪಾರಿಯೇ ರೈಫಲ್, ಅದರ ಮೇಲಿನ ದುರ್ಬೀನು, ಚರ್ಮದ ಪಟ್ಟಿ, ಪೆಟ್ಟಿಗೆ, ಶುಚಿ ಮಾಡುವ ಸಾಮಾನು, ಎರಡು ಡಬ್ಬಿ ತೋಟಾ ಎಲ್ಲವನ್ನೂ ಒಟ್ಟಿಗೆ ಹಿಡಿದು ಒಂದು ಮೊತ್ತ ಹೇಳಿದ್ದರು. ಮಗ ಫೋನಿನಲ್ಲಿ ಅದರ ಮೂರರಷ್ಟು ಹೇಳಿದ್ದ.

"ಇಬ್ಬರಲ್ಲಿ ಯಾರು ಸರಿ ಹೇಳು ಮಾರಾಯ" ಎಂದು ಅವರು ಕೇಳಿದರು.

"ಸಾಮಾನು ನೋಡದೆ ಹೇಗೆ ಹೇಳಲಿ ದೊಡ್ಡಮ್ಮ? ಲೈಸೆನ್ಸಿನ ಪುಸ್ತಕ, ಹಳೆಯ ರಸೀದಿ ಏನಿದೆಯೋ ಎಲ್ಲ ತನ್ನಿ, ಅಂಗಡಿಗೇ ಹೋಗೋಣ" ಎಂದೆ.

ಅದು .315 ಬೋರಿನ (ಬೋರು ಎಂದರೆ ನಳಿಗೆಯ ಒಳ ಅಳತೆ) ಬೋಲ್ಟ್ ರೈಫಲ್, ಅಂದರೆ ನಳಿಗೆಯ ಹಿಂಬದಿಯನ್ನು ಅಗುಳಿಯಂಥ ಬೋಲ್ಟನ್ನು ಕೈಯಿಂದ ಸರಿಸಿ ಮುಚ್ಚುವ ಬಗೆಯದು, ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯದು. ನಮ್ಮ ದೇಶದಲ್ಲಿ ಸಾಮಾನ್ಯರ ಕೈಯಲ್ಲಿರುವ ರೈಫಲ್ಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ. ಸೈನ್ಯ ಬಳಸುತ್ತಿದ್ದ .303 ತೋಟಾದ ರೈಫಲ್ಲನ್ನು ಸಾರ್ವಜನಿಕರಿಗೆ ಕೊಡುವಂತಿರಲಿಲ್ಲ. ಆದ್ದರಿಂದ ಅದೇ ಲೀ-ಎನ್‌ಫೀಲ್ಡ್ ಮಾದರಿಯ ಯಂತ್ರವನ್ನು ಇಟ್ಟುಕೊಂಡು, ಆಸ್ಟ್ರಿಯಾದ 8 ಮಿಲಿಮೀಟರ್ ಮನ್ಲಿಕರ್ ತೋಟಾಕ್ಕೆ ಹೊಂದುವ ನಳಿಗೆಯನ್ನು ಕೂರಿಸಿ .315 ಎಂದು ಮಾರಾಟಕ್ಕೆ ಬಿಟ್ಟರು. 2021ರ ಅಕ್ಟೋಬರ್ 1ರಂದು ಸರ್ಕಾರದ ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್‌ನೆನ್ಸ್ ಕಾರ್ಖಾನೆಗಳ ಮಂಡಳಿಯನ್ನು ವಿಸರ್ಜಿಸಿ ಏಳು ಕಂಪನಿಗಳಾಗಿ ವಿಂಗಡಿಸಿದ ಮೇಲೆ ಇಶಾಪುರ ಕಾನ್ಪುರದಲ್ಲಿ ಮುಖ್ಯ ಕಚೇರಿ ಇರುವ ಕಂಪನಿಯ ಕೆಳಗೆ ಬಂದಿದೆ. ಈ ಇತಿಹಾಸ ಬೆಲೆಗೂ ಸಂಬಂಧಿಸಿದ್ದು. ಇದು ಅಪರೂಪದ ವಸ್ತುವಲ್ಲ, ಹೊಸದಕ್ಕೆ ಅಧಿಕೃತ ಬೆಲೆಪಟ್ಟಿ ಇರುವ ವಸ್ತು, ಆದ್ದರಿಂದ ಹಳೆಯ .315ರ ಬೆಲೆ ಎಂದೂ ಹೊಸದರ ಬೆಲೆಯನ್ನು ಮುಟ್ಟಬಾರದು. ಇಂಗ್ಲೆಂಡಿನ ಅಥವಾ ಜರ್ಮನಿಯ ಹಳೆಯ ರೈಫಲ್ಲಾದರೆ ಈ ಮಿತಿ ಇರುವುದಿಲ್ಲ. 1980ರ ದಶಕದ ನಡುವಿನಿಂದ ಸಾಮಾನ್ಯ ನಾಗರಿಕರು ಹೊರದೇಶದಿಂದ ಬಂದೂಕು ತರಿಸುವುದು ಬಹುಮಟ್ಟಿಗೆ ನಿಂತುಹೋಗಿದೆ. ಅಂದಿಗೆ ದೇಶದೊಳಗೆ ಎಷ್ಟು ಬಂದಿದ್ದವೋ ಅಷ್ಟೇ ಇಂದಿಗೂ ಕೈ ಬದಲಾಯಿಸುತ್ತಿವೆ. ಹೊರದೇಶದಲ್ಲಿ ಸಾಧಾರಣ ಬೆಲೆಗೆ ಸಿಗುವ ಹಳೆಯ ಕೋವಿಗೆ ಇಲ್ಲಿ ಅನೇಕ ಪಟ್ಟು ಬೆಲೆ ಬರುವುದು ಅದರ ಗುಣಕ್ಕಾಗಿ ಮಾತ್ರವಲ್ಲ, ಈ ಅಭಾವದಿಂದ. ವಿದೇಶದ ಬೆಲೆಪಟ್ಟಿ ನೋಡಿ ಇಲ್ಲಿನ ರೈಫಲ್ಲಿಗೆ ಬೆಲೆ ಕಟ್ಟುವುದು ಎರಡೂ ದಿಕ್ಕಿನಲ್ಲಿ ದಾರಿ ತಪ್ಪಿಸುತ್ತದೆ. ದೊಡ್ಡಮ್ಮನ ಮಗ ಹೇಳಿದ ಮೊತ್ತ ಅಂಥದ್ದೊಂದು ಪಟ್ಟಿಯಿಂದಲೇ ಬಂದದ್ದು.

ಅಂಗಡಿಯ ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ ರೈಫಲ್ಲನ್ನು ಇಟ್ಟರು. ಮೊದಲ ಕೆಲಸ ಬೋಲ್ಟನ್ನು ತೆರೆದು ಒಳಗೆ ತೋಟಾ ಇಲ್ಲವೆಂಬುದನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ಖಚಿತ ಮಾಡಿಕೊಳ್ಳುವುದು. ಯಾರು ಎಷ್ಟು ಭರವಸೆ ಕೊಟ್ಟಿದ್ದರೂ ಇದನ್ನು ಬಿಡಬಾರದು. ಆಮೇಲೆ ಬೋಲ್ಟನ್ನು ಹೊರತೆಗೆದು, ಸರಳಿಗೆ ಒಣಬಟ್ಟೆಯ ತುಂಡು ಸಿಕ್ಕಿಸಿ ನಳಿಗೆಯೊಳಗೆ ಎಳೆಯಬೇಕು. ಮಾರಾಟಕ್ಕಿಟ್ಟ ಕೋವಿಯ ನಳಿಗೆಯಲ್ಲಿ ಸಾಮಾನ್ಯವಾಗಿ ಎಣ್ಣೆ ಧಾರಾಳವಾಗಿರುತ್ತದೆ. ಎಣ್ಣೆ ತುಕ್ಕಿನ ಗುಳಿಗಳನ್ನು ತುಂಬಿ, ಬೆಳಕಿನಲ್ಲಿ ಇಡೀ ನಳಿಗೆ ಕನ್ನಡಿಯ ಹಾಗೆ ಹೊಳೆಯುವಂತೆ ಮಾಡುತ್ತದೆ. ಬಟ್ಟೆ ಎಳೆದ ಮೇಲೆ ನಿಜ ಕಾಣುತ್ತದೆ. ನಮ್ಮ ಮೊದಲ ತುಂಡು ಬಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗಿ ಹೊರಬಂತು, ಎರಡನೆಯದರಲ್ಲಿ ಬಣ್ಣ ಇಳಿಯಿತು, ಆಮೇಲಿನದು ಬಹುತೇಕ ಬೆಳ್ಳಗೇ ಬಂತು. ಒಂದು ಕಡೆಯಿಂದ ಸಣ್ಣ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ನೋಡಿದಾಗ ತಿರುಪಿನಂತೆ ಸುತ್ತಿಕೊಂಡು ಹೋಗುವ ಗೀರುಗಳ ಅಂಚುಗಳು ಮುಕ್ಕಾಲು ಉದ್ದಕ್ಕೆ ಚೂಪಾಗಿದ್ದವು. ತೋಟಾ ಕೂರುವ ಜಾಗದ ಮುಂದೆ ಮಾತ್ರ, ಸುಮಾರು ಬೆರಳುದ್ದದಷ್ಟು ಕಡೆ, ಸಾಸಿವೆಗಿಂತ ಸಣ್ಣ ಕಪ್ಪು ಗುಳಿಗಳು ಹರಡಿದ್ದವು.

ಅದರ ಕಾರಣವೂ ಗೊತ್ತಿರುವಂಥದ್ದೇ. ಹಳೆಯ ಕಾಲದ ತೋಟಾಗಳಲ್ಲಿ ಮದ್ದಿಗೆ ಕಿಡಿ ಕೊಡುವ ಕ್ಯಾಪು ಸಿಡಿದಾಗ ನಳಿಗೆಯೊಳಗೆ ಒಂದು ಬಗೆಯ ಲವಣ ಉಳಿಯುತ್ತಿತ್ತು. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗಿ ಹೋಗುತ್ತದೆ. ಈಡು ಹೊಡೆದ ದಿನವೇ ಬಿಸಿನೀರು ಹಾಯಿಸಿ, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕಿತ್ತು. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ನಮ್ಮ ಊರುಗಳಲ್ಲಿ ಒಂದು ಸಲ ಎಣ್ಣೆಯನ್ನಷ್ಟೇ ಹಚ್ಚಿ ಒಳಗಿಟ್ಟರೂ ಆ ಮಳೆಗಾಲ ಮುಗಿಯುವಷ್ಟರಲ್ಲಿ ಗುಳಿ ಬಿದ್ದಿರುತ್ತದೆ. ಹಾಗಾಗಿ ಮಲೆನಾಡಿನ ರೈಫಲ್ಲಿನಲ್ಲಿ ನಾನು ಸವೆತಕ್ಕಿಂತ ತುಕ್ಕನ್ನೇ ಮೊದಲು ಹುಡುಕುತ್ತೇನೆ. ಇಲ್ಲಿನ ರೈಫಲ್ಲುಗಳು ಹಾರಿಸಿ ಸವೆದದ್ದು ಕಡಿಮೆ, ಇಟ್ಟಲ್ಲೇ ಇದ್ದು ಕೆಟ್ಟದ್ದು ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಮುಗಿದ ಅಧ್ಯಾಯ, ಅದು ಮುಗಿದದ್ದು ಒಳ್ಳೆಯದೇ ಆಯಿತು; ಆದರೆ ಅಲ್ಲಿಂದ ಮುಂದೆ ರೈಫಲ್ಲುಗಳು ಬೀರು ಸೇರಿದವು, ಅವನ್ನು ಶುಚಿ ಮಾಡುವ ರೂಢಿಯೂ ಮನೆಗಳಿಂದ ಮಾಯವಾಯಿತು.

ನಳಿಗೆಯ ಬಾಯಿಯನ್ನೂ ನೋಡಬೇಕು. ಈ ರೈಫಲ್ಲಿನಲ್ಲಿ ಬೋಲ್ಟು ಹಿಂದಕ್ಕೆ ಪೂರ್ತಿ ಹೊರಬರುವುದರಿಂದ ಹಿಂದಿನಿಂದಲೇ ಶುಚಿ ಮಾಡಬಹುದು. ಆದರೂ ಬಾಯಿಯ ಕಡೆಯಿಂದ ಉಕ್ಕಿನ ಸರಳು ತುರುಕಿದವರು ಬಹಳ. ಸರಳು ವರ್ಷಗಟ್ಟಲೆ ಒಂದೇ ಕಡೆ ಉಜ್ಜಿದರೆ ಬಾಯಿಯ ವೃತ್ತ ಒಂದು ಬದಿಗೆ ಸವೆಯುತ್ತದೆ, ಗುಂಡು ಹೊರಬೀಳುವ ಕೊನೆಯ ಕ್ಷಣದಲ್ಲಿ ದಿಕ್ಕು ಕೆಡುತ್ತದೆ. ಇನ್ನೊಂದು ಪರೀಕ್ಷೆಯನ್ನು ನನ್ನಂಥವರು ಮಾಡುವಂತಿಲ್ಲ. ಬೋಲ್ಟು ಮುಚ್ಚಿದಾಗ ತೋಟಾದ ಬೆನ್ನಿಗೂ ಬೋಲ್ಟಿನ ಮುಖಕ್ಕೂ ನಡುವೆ ಎಷ್ಟು ಸಂದು ಉಳಿಯುತ್ತದೆ ಎಂಬುದನ್ನು ಗೇಜು ಇರುವ ಅನುಭವಿ ರಿಪೇರಿಗಾರರೇ ಅಳೆಯಬೇಕು. ಸಂದು ಹೆಚ್ಚಿದ್ದರೆ ತೋಟಾದ ಹಿತ್ತಾಳೆ ಹರಿದು ಬಿಸಿ ಅನಿಲ ಹಾರಿಸುವವನ ಮುಖದ ಕಡೆ ನುಗ್ಗಬಹುದು. ಈ ಪರೀಕ್ಷೆ ಆಗದ ಹಳೆಯ ರೈಫಲ್ಲಿಗೆ ನಾನು ಪೂರ್ತಿ ಬೆಲೆ ಒಪ್ಪುವುದಿಲ್ಲ. ಅಂದು ಅಂಗಡಿಯ ರಿಪೇರಿಯವರೇ ನಮ್ಮೆದುರಿಗೆ ಅಳೆದು ಸರಿಯಿದೆಯೆಂದು ತೋರಿಸಿದರು.

ಮೇಲ್ಮೈಯ ಹೊಳಪಿಗೆ ಮರುಳಾಗಬಾರದು. ಹೊಸದಾಗಿ ನೀಲಿ ಬಣ್ಣ ಹಾಕಿಸಿದ ಕೋವಿಯನ್ನು ಕಂಡರೆ ಅದರ ಮೇಲೆ ಕೊರೆದ ಅಕ್ಷರಗಳನ್ನು ನೋಡಬೇಕು. ತುಕ್ಕಿನ ಗುಳಿ ಹೋಗಲೆಂದು ಉಜ್ಜಿದ್ದರೆ ಅಕ್ಷರಗಳ ಅಂಚು ಮೊಂಡಾಗಿ, ಅಂಕಿಗಳು ತೆಳುವಾಗಿರುತ್ತವೆ. ಈ ರೈಫಲ್ಲಿನ ಬಣ್ಣ ಕೈ ಹಿಡಿಯುವ ಕಡೆಗಳಲ್ಲಿ ಸವೆದು ಬೂದು ಬಣ್ಣಕ್ಕೆ ತಿರುಗಿತ್ತು, ಅಕ್ಷರಗಳು ಮಾತ್ರ ಸ್ಪಷ್ಟವಾಗಿದ್ದವು. ಅದು ಪ್ರಾಮಾಣಿಕವಾದ ಸವೆತ, ಅದಕ್ಕೆ ನಾನು ಏನೂ ಕಳೆಯಲಿಲ್ಲ. ಹೆಗಲಿಗೆ ಒತ್ತುವ ಹಿಂಬದಿಯ ಮರವನ್ನು ಎಂದೋ ಸ್ಥಳೀಯ ಬಡಗಿ ಬೀಟೆಯಲ್ಲಿ ಮಾಡಿ ಕೂರಿಸಿದ್ದ. ಕೆಲಸ ಅಚ್ಚುಕಟ್ಟಾಗಿತ್ತು, ಬೀಟೆಯ ಎಳೆ ನೋಡುವುದಕ್ಕೂ ಚೆನ್ನಾಗಿತ್ತು. ಆದರೆ ಮರವೂ ಕಬ್ಬಿಣವೂ ಕೂಡುವ ಕಡೆ ಕೂದಲೆಳೆಯಷ್ಟು ಸೀಳು ಕಾಣುತ್ತಿತ್ತು. ಪ್ರತಿ ಈಡಿನ ಒದೆತವೂ ಅಲ್ಲಿಯೇ ಬೀಳುವುದರಿಂದ ಅದನ್ನು ಕಡೆಗಣಿಸುವಂತಿರಲಿಲ್ಲ.

ಕಬ್ಬಿಣ, ಮರಗಳನ್ನು ನೋಡಿ ಮುಗಿದ ಮೇಲೆ ಕಾಗದ. ನಮ್ಮ ದೇಶದಲ್ಲಿ ರೈಫಲ್ಲಿನ ಅರ್ಧ ಬೆಲೆ ಕಾಗದದಲ್ಲಿರುತ್ತದೆ ಎಂದು ನಾನು ನಂಬುತ್ತೇನೆ. ನಳಿಗೆ, ಬೋಲ್ಟು, ಯಂತ್ರದ ಮೈ ಈ ಮೂರರ ಮೇಲಿನ ನಂಬರು ಒಂದಕ್ಕೊಂದು ಹೊಂದಬೇಕು. ಅದೇ ನಂಬರು ಲೈಸೆನ್ಸಿನ ಪುಸ್ತಕದಲ್ಲೂ ಇರಬೇಕು. ಒಂದೇ ಒಂದು ಅಂಕಿ ವ್ಯತ್ಯಾಸವಿದ್ದರೂ, ಅದು ಐವತ್ತು ವರ್ಷದ ಹಿಂದೆ ಗುಮಾಸ್ತರು ಮಾಡಿದ ಬರವಣಿಗೆಯ ತಪ್ಪೇ ಆಗಿದ್ದರೂ, ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ತಿದ್ದುಪಡಿ ಆಗುವವರೆಗೆ ಆ ರೈಫಲ್ಲನ್ನು ಯಾರೂ ಧೈರ್ಯವಾಗಿ ಕೊಳ್ಳುವುದಿಲ್ಲ. ಇಲ್ಲಿ ಎಲ್ಲವೂ ಹೊಂದಿತು.

ಕೊಳ್ಳುವವರ ಸಂಖ್ಯೆಯನ್ನು ನಿರ್ಧರಿಸುವುದೂ ಕಾಗದವೇ. ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಗೂ, ರಕ್ಷಣೆ ಇಲ್ಲವೇ ಕ್ರೀಡೆಗೆ 20 ಇಂಚಿಗೆ ಕಡಿಮೆಯಿಲ್ಲದ, ಒಳಮೈ ನುಣುಪಾದ ನಳಿಗೆಯ ಕೋವಿಗೂ ಆಯುಧ ಕಾಯ್ದೆಯ 13ನೆಯ ಸೆಕ್ಷನ್ನಿನಲ್ಲಿ ಬೇರೆಯದೇ ದಾರಿ ಇದೆ. ಇಂಥ ರೈಫಲ್ಲಿಗೆ ಹಾಗಿಲ್ಲ, ಅರ್ಜಿದಾರರು ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಇದರ ಜೊತೆಗೆ 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮೂರು ಇದ್ದವರು ಒಂದನ್ನು ವರ್ಷದೊಳಗೆ ಒಪ್ಪಿಸಬೇಕಾಯಿತು; ನಾನು ಬಲ್ಲ ಮನೆಗಳಲ್ಲಿ ಹಾಗೆ ಹೊರಬಿದ್ದದ್ದು ಹೆಚ್ಚಾಗಿ ಬೀರುವಿನಲ್ಲಿ ಕೂತಿದ್ದ ರೈಫಲ್ಲೇ. ಎರಡು ಇರುವವರು ಈಗ ಮೂರನೆಯದನ್ನು ಕೊಳ್ಳುವಂತಿಲ್ಲ. ಅಂದರೆ ಮಾರಾಟಕ್ಕೆ ಬಂದ .315ಗಳು ಹೆಚ್ಚಾದವು, ಕೊಳ್ಳಬಲ್ಲವರು ಕಡಿಮೆಯಾದರು. ಬೆಲೆ ಇಳಿದದ್ದರಲ್ಲಿ ವ್ಯಾಪಾರಿಗಳ ಕೈವಾಡವೇನೂ ಇಲ್ಲ. ಈ ಮಾತನ್ನು ನಾನು ದೊಡ್ಡಮ್ಮನಿಗೂ ಅವರ ಮಗನಿಗೂ ಸ್ಪಷ್ಟವಾಗಿ ಹೇಳಿದೆ.

ಮಾರುವವರ ಅವಸರ ಮಾತ್ರ ಬೇರೆ ವಿಷಯ, ಅದರ ಲಾಭ ಪಡೆಯುವವರಿದ್ದಾರೆ. ಠೇವಣಿ ಇಟ್ಟ ಆಯುಧವನ್ನು ಅರ್ಹ ಲೈಸೆನ್ಸುದಾರರಿಗೆ ಮಾರಿ ಹಣ ಪಡೆಯುವ ಹಕ್ಕು ವಾರಸುದಾರರಿಗೆ ಉಂಟು. ಆದರೆ ಅದಕ್ಕೆ ನಿಗದಿಯಾದ ಅವಧಿ ಮುಗಿದರೆ ಅದು ಸರ್ಕಾರದ ಪಾಲಾಗುತ್ತದೆ. "ಇನ್ನು ಸ್ವಲ್ಪ ದಿನ ಹೋದರೆ ಇದಕ್ಕೆ ಕಾಸೂ ಹುಟ್ಟುವುದಿಲ್ಲಮ್ಮ" ಎಂಬ ಮಾತಿಗೆ ಹೆದರಿ ಸಿಕ್ಕಷ್ಟಕ್ಕೆ ಸಹಿ ಹಾಕಿದ ಮನೆಗಳನ್ನು ನಾನು ನೋಡಿದ್ದೇನೆ. ಠೇವಣಿಯ ರಸೀದಿಯಲ್ಲಿನ ತಾರೀಕನ್ನು ನೋಡಿ, ಕಚೇರಿಯಲ್ಲಿ ಅವಧಿಯನ್ನು ಬರವಣಿಗೆಯಲ್ಲಿ ಕೇಳಿ ತಿಳಿದುಕೊಂಡರೆ ಆ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ. ಮಾರಲೇಬೇಕೆಂದೂ ಇಲ್ಲ. 2016ರ ಆಯುಧ ನಿಯಮಗಳಲ್ಲಿ ಲೈಸೆನ್ಸುದಾರರ ಮರಣದ ನಂತರ ವಾರಸುದಾರರು ಲೈಸೆನ್ಸಿಗೆ ಅರ್ಜಿ ಹಾಕಲು ಅವಕಾಶವಿದೆ. ಲೈಸೆನ್ಸುದಾರರು ಬದುಕಿರುವಾಗಲೇ, 70 ವರ್ಷ ತುಂಬಿದ ಮೇಲೆ ಇಲ್ಲವೇ ಆಯುಧ 25 ವರ್ಷ ಅವರ ಬಳಿ ಇದ್ದ ಮೇಲೆ, ವಾರಸುದಾರರನ್ನು ಸೂಚಿಸಬಹುದು. ಅಪ್ಪನ ನೆನಪಿನ ವಸ್ತು ಎನ್ನುವ ಮಕ್ಕಳು ಈ ದಾರಿ ಹಿಡಿಯಲಿ. ನೆನಪಿಗೆ ದೊಡ್ಡ ಬೆಲೆ ಇದೆ, ಇಟ್ಟುಕೊಳ್ಳಬೇಕೋ ಕೊಡಬೇಕೋ ಎಂಬುದನ್ನು ಅದೇ ತೀರ್ಮಾನಿಸಬೇಕು. ಕೊಡುವುದೆಂದಾದ ಮೇಲೆ ಆ ಬೆಲೆಯನ್ನು ಕೊಳ್ಳುವವನಿಂದ ವಸೂಲು ಮಾಡಲಾಗದು.

ಜೊತೆಯ ಸಾಮಾನುಗಳ ವಿಷಯದಲ್ಲಿಯೇ ಹೆಚ್ಚು ಜಗಳ ಹುಟ್ಟುತ್ತದೆ. ಮಾರುವವರು ಪ್ರತಿಯೊಂದಕ್ಕೂ ಕೊಟ್ಟ ದುಡ್ಡನ್ನು ಕೂಡಿಸುತ್ತಾರೆ, ಕೊಳ್ಳುವವರು ಎಲ್ಲವನ್ನೂ ಕೊಸರಾಗಿ ಎಣಿಸುತ್ತಾರೆ. ನಾನು ಪ್ರತಿಯೊಂದನ್ನೂ ಬೇರೆ ಇಟ್ಟು ಒಂದೇ ಪ್ರಶ್ನೆ ಕೇಳುತ್ತೇನೆ: ಈ ರೈಫಲ್ ಇಲ್ಲದೆ ಇದೊಂದನ್ನೇ ಕೊಳ್ಳುವವರು ಇದ್ದಾರೆಯೇ, ಇದ್ದರೆ ಎಷ್ಟಕ್ಕೆ? ದುರ್ಬೀನು ಒಳ್ಳೆಯ ಹೆಸರಿನದಾಗಿತ್ತು, ಕೊಂಡಾಗ ದುಬಾರಿಯೂ ಆಗಿತ್ತು. ಆದರೆ ಬಿಳಿ ಗೋಡೆಯ ಕಡೆ ಹಿಡಿದು ನೋಡಿದರೆ ಗಾಜಿನ ಒಳಮೈಯಲ್ಲಿ ಬೂಸ್ಟು ಜೇಡರ ಬಲೆಯ ಹಾಗೆ ಕವಲೊಡೆದು ಹಬ್ಬಿತ್ತು, ಗುರಿ ಹೊಂದಿಸುವ ತಿರುಪು ಎಷ್ಟು ತಿರುಗಿಸಿದರೂ ಗೀಟು ಅಲುಗಲಿಲ್ಲ. ಅದಕ್ಕೆ ಸೊನ್ನೆ. ಅದನ್ನು ಕೂರಿಸುವ ಮೌಂಟು ಗಟ್ಟಿಯಾಗಿತ್ತು, ಆದರೆ ಈ ಮಾದರಿಗೆ ಮಾತ್ರ ಹೊಂದುವುದರಿಂದ ಅದಕ್ಕೆ ಸಿಗುವುದು ಅಲ್ಪ. ಮೌಂಟಿಗೆಂದು ಯಂತ್ರದ ಮೈಗೆ ಕೊರೆದ ತೂತುಗಳು ಇಶಾಪುರದ ರೈಫಲ್ಲಿನಲ್ಲಿ ದೊಡ್ಡ ದೋಷವಲ್ಲ. ಇದೇ ತೂತು ಮೂಲ ಸ್ಥಿತಿಯಲ್ಲಿರುವ ಹಳೆಯ ಇಂಗ್ಲಿಷ್ ರೈಫಲ್ಲಿನ ಮೇಲೆ ಬಿದ್ದಿದ್ದರೆ ಬೆಲೆ ಬಹಳ ಇಳಿಯುತ್ತಿತ್ತು. ಪೆಟ್ಟಿಗೆಯದೂ ಹೀಗೆಯೇ. ತಯಾರಕರ ಚೀಟಿ ಒಳಗಂಟಿರುವ ಹಳೆಯ ವಿಲಾಯತಿ ಪೆಟ್ಟಿಗೆಗೆ ಅದರದೇ ಬೆಲೆ ಇದೆ. ನಮ್ಮೆದುರಿಗಿದ್ದದ್ದು ಪೇಟೆಯಲ್ಲಿ ಹೊಲಿಸಿದ ಗಟ್ಟಿಮುಟ್ಟಾದ ಸಾದಾ ಪೆಟ್ಟಿಗೆ. ಚರ್ಮದ ಪಟ್ಟಿ ಮಡಿಸಿದ ಕಡೆ ಬಿರುಕು ಬಿಟ್ಟಿತ್ತು. ಸರಳು, ಕುಂಚ, ಎಣ್ಣೆ ಡಬ್ಬಿಗಳಿಗೆ ಬೆಲೆ ಕಟ್ಟುವುದು ದೊಡ್ಡವರ ಲಕ್ಷಣವಲ್ಲ, ಅವು ರೈಫಲ್ಲಿನ ಜೊತೆಗೇ ಹೋಗಬೇಕು. ಶಬ್ದ ಅಥವಾ ಬೆಂಕಿಯ ಮಿಂಚನ್ನು ತಗ್ಗಿಸುವ ಉಪಕರಣ ಯಾವುದಾದರೂ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕರೆ ಅದನ್ನು ಸಾಮಾನು ಎಂದು ಎಣಿಸಲೇಬಾರದು. ಕಾಯ್ದೆಯ ಕಣ್ಣಿನಲ್ಲಿ ಅದೂ ಬಂದೂಕೇ.

ತೋಟಾಗಳನ್ನು ನಾನು ಎಂದೂ ರೈಫಲ್ಲಿನ ಬೆಲೆಯೊಳಗೆ ಸೇರಿಸುವುದಿಲ್ಲ. ಅವನ್ನು ಪಡೆಯುವ ಹಕ್ಕು ಕೊಳ್ಳುವವರ ಲೈಸೆನ್ಸಿನಲ್ಲಿ ನಮೂದಾದ ಸಂಖ್ಯೆಯ ಮೇಲೆ ನಿಂತಿದೆ, ಒಂದೊಂದಕ್ಕೂ ಲೆಕ್ಕವಿದೆ. ಒಂದು ಡಬ್ಬಿಯ ತೋಟಾಗಳು ಸ್ವಚ್ಛವಾಗಿದ್ದವು, ಇನ್ನೊಂದರಲ್ಲಿ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿತ್ತು.

ಇನ್ನು ಅಂಕಿ. ಅಂದಿನ ಬೆಲೆಪಟ್ಟಿಯಲ್ಲಿ ತೆರಿಗೆ ಸೇರಿ ಹೊಸ .315ಕ್ಕೆ ಇದ್ದ ಬೆಲೆಯನ್ನು ನೂರು ಎಂದು ಇಟ್ಟುಕೊಂಡೆ. ಯಂತ್ರ ಗಟ್ಟಿಯಾಗಿದ್ದು, ಗೇಜಿನ ಪರೀಕ್ಷೆ ತೇರ್ಗಡೆಯಾಗಿ, ಕಾಗದ ಸರಿಯಿರುವ ಹಳೆಯ ರೈಫಲ್ಲಿಗೆ ಈಗಿನ ಪರಿಸ್ಥಿತಿಯಲ್ಲಿ ನಾನು ಅರವತ್ತರಿಂದ ಶುರುಮಾಡುತ್ತೇನೆ. ಅರವತ್ತೇ ಏಕೆಂದರೆ, ಅದಕ್ಕಿಂತ ಹೆಚ್ಚು ಕೊಡಬಲ್ಲವರು ಇನ್ನಷ್ಟು ಸೇರಿಸಿ ಹೊಸದನ್ನೇ ತರುತ್ತಾರೆ. ನಳಿಗೆಯ ಗುಳಿಗಳಿಗೆ ಎಂಟು ಕಳೆದೆ. ಅವು ಬಾಯಿಯ ಹತ್ತಿರ ಇದ್ದಿದ್ದರೆ ಇದರ ಎರಡರಷ್ಟು ಕಳೆಯುತ್ತಿದ್ದೆ. ಮರದ ಸೀಳಿಗೆ ನಾಲ್ಕು. ಉಳಿದದ್ದು ನಲವತ್ತೆಂಟು. ಮೌಂಟು, ಪಟ್ಟಿ, ಪೆಟ್ಟಿಗೆ ಮೂರೂ ಸೇರಿ ನಾಲ್ಕು ಎಂದು ಬೇರೆ ಸಾಲಿನಲ್ಲಿ ಬರೆದೆ. ವ್ಯಾಪಾರಿ ಒಟ್ಟಾಗಿ ಹೇಳಿದ್ದ ಮೊತ್ತ ಇದೇ ಅಳತೆಯಲ್ಲಿ ಸುಮಾರು ಮೂವತ್ತೈದು ಆಗುತ್ತಿತ್ತು. ಅವರಿಗೂ ಬಾಡಿಗೆ ಇದೆ, ಕೊಳ್ಳುವವರು ಸಿಗುವವರೆಗೆ ದುಡ್ಡು ಕಟ್ಟಿಹಾಕಿಕೊಂಡು ಕೂರಬೇಕು. ನಲವತ್ತರ ಮೇಲೆ ಹೇಳಿದ್ದರೆ ನಾನೇ ಕೊಟ್ಟುಬಿಡಿ ಎನ್ನುತ್ತಿದ್ದೆ. ಆ ಹಾಳೆಯನ್ನು ಅವರಿಗೆ ಓದಿ ಹೇಳಿದೆ. ಗುಳಿಗಳ ಮಾತನ್ನು ನಾವೇ ಬರೆದಿದ್ದನ್ನು ಕಂಡು ಅವರು ವಾದಕ್ಕಿಳಿಯಲಿಲ್ಲ. ತಾವು ಕೊಳ್ಳುವುದಿಲ್ಲ, ಬೇರೆಯವರು ಬಂದರೆ ಕಮಿಷನ್ನಿನ ಮೇಲೆ ಮಾರಿಸಿಕೊಡುತ್ತೇನೆ ಎಂದರು.

ಬಂದವರು ಸಕಲೇಶಪುರದ ಕಡೆಯ ಒಬ್ಬ ಬೆಳೆಗಾರರು, ರೈಫಲ್ಲಿಗೆ ಲೈಸೆನ್ಸು ಮಂಜೂರಾಗಿ ಆಯುಧ ಹುಡುಕುತ್ತಿದ್ದವರು. ಹಾಳೆಯನ್ನು ಓದಿ, ಪ್ರತಿಯೊಂದನ್ನೂ ತಾವೇ ಮತ್ತೆ ಪರೀಕ್ಷಿಸಿದರು. ದುರ್ಬೀನಿಲ್ಲದೆಯೇ ಗುರಿ ಹಿಡಿದು ರೂಢಿಯಾದ್ದರಿಂದ ಮೌಂಟು ಬೇಡವೆಂದರು, ಪಟ್ಟಿಯನ್ನೂ ಬೇಡವೆಂದರು, ಸಾಗಿಸುವುದಕ್ಕೆಂದು ಪೆಟ್ಟಿಗೆಯನ್ನು ಮಾತ್ರ ತೆಗೆದುಕೊಂಡರು. ಸಾಮಾನುಗಳನ್ನು ರೈಫಲ್ಲಿನ ಬೆಲೆಯಲ್ಲಿ ಬೆರೆಸಿದ್ದರೆ ಆಗ ಇಡೀ ಲೆಕ್ಕವನ್ನೇ ಮತ್ತೆ ಎಳೆಯಬೇಕಾಗುತ್ತಿತ್ತು. ನಲವತ್ತೆಂಟಕ್ಕೆ ಪೆಟ್ಟಿಗೆಯ ಎರಡು ಸೇರಿಸಿ ಐವತ್ತಕ್ಕೆ ಮಾತು ಮುಗಿಯಿತು. ಹಣ ಬ್ಯಾಂಕಿನ ಮೂಲಕವೇ ಬಂತು. ನಂಬರು, ಬೋರು, ತಯಾರಕರ ಹೆಸರು, ಇಬ್ಬರ ಲೈಸೆನ್ಸಿನ ವಿವರ ಎಲ್ಲವೂ ರಸೀದಿಯಲ್ಲಿ ನಮೂದಾದವು. ಲೈಸೆನ್ಸುದಾರರು ಬದುಕಿದ್ದು ತಾವೇ ನೇರವಾಗಿ ಮಾರುವುದಾದರೆ ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಕೊಳ್ಳುವವರ ಹೆಸರು, ವಿಳಾಸ ಬರೆದುಕೊಟ್ಟು 45 ದಿನ ಕಾಯಬೇಕು ಎಂಬುದನ್ನು ಓದುಗರು ಗಮನದಲ್ಲಿಡಬೇಕು. ಸ್ವಚ್ಛವಾಗಿದ್ದ ತೋಟಾಗಳನ್ನು ಬೆಳೆಗಾರರು ತಮ್ಮ ಲೈಸೆನ್ಸಿನ ಮಿತಿಯೊಳಗೆ ಬೇರೆ ಬಿಲ್ಲಿನಲ್ಲಿ ಪಡೆದರು. ಕಿಲುಬು ಹಿಡಿದವನ್ನು ಎಣಿಸಿ, ಬಳಕೆಗೆ ಯೋಗ್ಯವಲ್ಲವೆಂದು ವ್ಯಾಪಾರಿಯ ದಾಖಲೆ ಪುಸ್ತಕದಲ್ಲಿ ಬರೆಸಿ, ಆ ಪುಟದ ನಕಲನ್ನು ದೊಡ್ಡಮ್ಮ ಲೈಸೆನ್ಸಿನ ಪುಸ್ತಕದೊಳಗೆ ಇಟ್ಟುಕೊಂಡರು.